ಯೂರಿಕ್ ಆಸಿಡ್ ಕಮ್ಮಿಯಾದರೆ ಮಿದುಳಿಗೆ ಕುತ್ತಾ?

ರಕ್ತ ಪರೀಕ್ಷೆಯ ರಿಪೋರ್ಟ್ ಕೈಗೆ ಬಂದ ಕೂಡಲೇ ಹೆಚ್ಚಿನವರು ಮಾಡುವ ಕೆಲಸ ಒಂದೇ. ದಪ್ಪ ಅಕ್ಷರದಲ್ಲಿ ಅಚ್ಚಾದ ಸಂಖ್ಯೆ ಎಲ್ಲಿದೆ ಅಂತ ಹುಡುಕುವುದು. ಯೂರಿಕ್ ಆಸಿಡ್ ಎದುರು 7.8 ಅಂತ ಇದ್ದರೆ ಗಾಬರಿ. 3.1 ಅಂತ ಇದ್ದರೆ ನೆಮ್ಮದಿ. ಅಯ್ಯೋ ಇಷ್ಟು ಕಡಿಮೆ ಇದೆಯಲ್ಲಾ ಅಂತ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಯೂರಿಕ್ ಆಸಿಡ್ ಅಂದರೆ ಗೌಟ್, ಕಾಲಿನ ಹೆಬ್ಬೆರಳಿನ ಬುಡದಲ್ಲಿ ಜೀವ ಹಿಂಡುವ ನೋವು, ಕಿಡ್ನಿ ಕಲ್ಲು. ಕಮ್ಮಿ ಇದ್ದಷ್ಟೂ ಒಳ್ಳೆಯದು ಅನ್ನುವುದು ಎಲ್ಲರ ಲೆಕ್ಕ.

ಈ ಲೆಕ್ಕಕ್ಕೆ 2016ರಲ್ಲಿ ಒಂದು ವಿಚಿತ್ರ ತಿದ್ದುಪಡಿ ಬಂತು. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ ಯೂಲಾರ್, ಗೌಟ್ ಚಿಕಿತ್ಸೆ ಹೇಗಿರಬೇಕು ಅಂತ ಆ ವರ್ಷ ಹೊಸ ಸಲಹೆಗಳನ್ನು ಕೊಟ್ಟಿತು. ಯೂರಿಕ್ ಆಸಿಡ್ಡನ್ನು ಡೆಸಿಲೀಟರ್‌ಗೆ 6 ಮಿಲಿಗ್ರಾಂಗಿಂತ ಕೆಳಗೆ ಇಳಿಸಿ, ಕಾಯಿಲೆ ಜೋರಾಗಿದ್ದರೆ 5ಕ್ಕಿಂತ ಕೆಳಗೆ ಇಳಿಸಿ ಅಂದಿತು. ಅಲ್ಲಿಗೇ ನಿಲ್ಲಲಿಲ್ಲ. ವರ್ಷಗಟ್ಟಲೆ 3ಕ್ಕಿಂತ ಕೆಳಗೆ ಇಡುವುದು ಮಾತ್ರ ಬೇಡ ಅಂತಲೂ ಸೇರಿಸಿತು. ಇದಕ್ಕೆ ಕೊಟ್ಟ ಕಾರಣಕ್ಕೂ ಕೀಲಿಗೂ ಸಂಬಂಧವಿಲ್ಲ. ಅದು ಮಿದುಳಿನ ವಿಷಯ. ಪಾರ್ಕಿನ್ಸನ್, ಅಲ್ಝೈಮರ್, ನರಕೋಶಗಳು ಸತ್ತು ಸ್ನಾಯುಗಳು ಸೋಲುತ್ತಾ ಹೋಗುವ ಎಎಲ್‌ಎಸ್‌ನಂಥ ಕಾಯಿಲೆಗಳಲ್ಲಿ ಯೂರಿಕ್ ಆಸಿಡ್ ಮಿದುಳನ್ನು ಕಾಯುತ್ತಿರಬಹುದು ಅಂತ ಕೆಲವು ಅಧ್ಯಯನಗಳು ಹೇಳಿದ್ದವು.

ಕೀಲಿನಲ್ಲಿ ಹರಳುಗಟ್ಟಿ ಕಾಡುವ ವಸ್ತುವೇ ತಲೆಯನ್ನು ಕಾಯುತ್ತದೆಯಾ? ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ. ಈ ಕಥೆ ಅಷ್ಟು ಬೇಗ ಹರಡಿದ್ದೂ ಅದಕ್ಕೇ ಇರಬೇಕು. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಪಾರ್ಕಿನ್ಸನ್ ವಿಷಯದಲ್ಲಿ ಯೂರಿಕ್ ಆಸಿಡ್ ಒಂದು ಗುರುತು ಅಷ್ಟೇ, ಮದ್ದಲ್ಲ. ಮರೆವಿನ ಕಾಯಿಲೆಯ ವಿಷಯದಲ್ಲಿ ಅದು ಒಳ್ಳೆಯದೋ ಕೆಟ್ಟದ್ದೋ ಅನ್ನುವ ಉತ್ತರ, ಯಾವ ಬಗೆಯ ಮರೆವು ಅಂತ ಕೇಳಿದ ಮೇಲೆ ಬದಲಾಗುತ್ತದೆ. ಈ ತೀರ್ಮಾನಕ್ಕೆ ಬಂದಿದ್ದು ಹೇಗೆ ಅನ್ನುವುದೇ ಸ್ವಾರಸ್ಯದ ಭಾಗ.

ನಮ್ಮ ರಕ್ತದಲ್ಲಿ ಇದು ಇಷ್ಟೊಂದು ಯಾಕಿದೆ?

ಜೀವಕೋಶದ ಡಿಎನ್‌ಎ, ಆರ್‌ಎನ್‌ಎಗಳಲ್ಲಿ, ಕೋಶಕ್ಕೆ ಶಕ್ತಿ ಕೊಡುವ ಎಟಿಪಿಯಲ್ಲಿ ಪ್ಯೂರಿನ್ ಅನ್ನುವ ಅಂಶ ಇದೆ. ಹಳೆಯ ಕೋಶಗಳು ಒಡೆದಾಗ, ಪ್ಯೂರಿನ್ ಇರುವ ಆಹಾರ ಜೀರ್ಣವಾದಾಗ ಇದು ಹೊರಬರುತ್ತದೆ. ಜಾಂಥಿನ್ ಆಕ್ಸಿಡೇಸ್ ಅನ್ನುವ ಕಿಣ್ವ ಅದನ್ನು ಹಂತ ಹಂತವಾಗಿ ಯೂರಿಕ್ ಆಸಿಡ್ ಮಾಡುತ್ತದೆ. ಗೌಟ್‌ಗೆ ಕೊಡುವ ಅಲೋಪ್ಯೂರಿನಾಲ್, ಫೆಬುಕ್ಸೊಸ್ಟಾಟ್ ಮಾತ್ರೆಗಳು ತಡೆಯುವುದು ಈ ಕಿಣ್ವವನ್ನೇ.

ಹೆಚ್ಚಿನ ಸಸ್ತನಿಗಳಲ್ಲಿ ಕೆಲಸ ಇಲ್ಲಿಗೇ ಮುಗಿಯುವುದಿಲ್ಲ. ಯೂರಿಕೇಸ್ ಅನ್ನುವ ಇನ್ನೊಂದು ಕಿಣ್ವ ಯೂರಿಕ್ ಆಸಿಡ್ಡನ್ನೂ ಒಡೆದು, ನೀರಿನಲ್ಲಿ ಸುಲಭವಾಗಿ ಕರಗುವ ಅಲಾಂಟೊಯಿನ್ ಮಾಡುತ್ತದೆ. ಅದು ಮೂತ್ರದಲ್ಲಿ ಹೊರಟುಹೋಗುತ್ತದೆ. ಮನುಷ್ಯನಲ್ಲಿ, ಚಿಂಪಾಂಜಿ, ಗೊರಿಲ್ಲಾದಂಥ ದೊಡ್ಡ ವಾನರಗಳಲ್ಲಿ ಈ ಯೂರಿಕೇಸ್ ಇಲ್ಲ. ಅದರ ಜೀನ್ ನಮ್ಮ ಪೂರ್ವಜರಲ್ಲಿ ಕೋಟಿಗಟ್ಟಲೆ ವರ್ಷಗಳ ಹಿಂದೆಯೇ ಕೆಟ್ಟುಹೋಯಿತು. ಅದರ ಮುರುಕಲು ಇನ್ನೂ ನಮ್ಮ ಡಿಎನ್‌ಎಯಲ್ಲಿ ಬಿದ್ದಿದೆ, ಕೆಲಸ ಮಾತ್ರ ಮಾಡುವುದಿಲ್ಲ.

ಕಿಡ್ನಿಯ ನಡವಳಿಕೆ ಇನ್ನೂ ವಿಚಿತ್ರ. ಕಸ ಅಂದ ಮೇಲೆ ಹೊರಗೆ ಎಸೆಯಬೇಕು ತಾನೆ? ಅದು ಹಾಗೆ ಮಾಡುವುದಿಲ್ಲ. ಸೋಸಿದ ಯೂರಿಕ್ ಆಸಿಡ್‌ನಲ್ಲಿ ಶೇ 90ರ ಹತ್ತಿರದಷ್ಟನ್ನು ವಾಪಸ್ ರಕ್ತಕ್ಕೆ ಎಳೆದುಕೊಳ್ಳುತ್ತದೆ. ಹೀಗೆ ಉಳಿಸಿಕೊಳ್ಳುವುದಕ್ಕೆ ಏನೋ ಕಾರಣ ಇರಲೇಬೇಕು ಅಂತ ವಿಜ್ಞಾನಿಗಳಿಗೆ ಅನ್ನಿಸಿದ್ದು ಸಹಜ.

1955ರಲ್ಲಿ ಈಗಾನ್ ಓರೊವಾನ್ ಒಂದು ತಮಾಷೆಯ ವಾದ ಮುಂದಿಟ್ಟ. ಈತ ಜೀವವಿಜ್ಞಾನಿಯಲ್ಲ. ಲೋಹಗಳು ಹೇಗೆ ಬಾಗುತ್ತವೆ ಅಂತ ಅಧ್ಯಯನ ಮಾಡಿ ಹೆಸರಾದ ಭೌತವಿಜ್ಞಾನಿ. ಯೂರಿಕ್ ಆಸಿಡ್‌ನ ರಚನೆ ಕೆಫೀನ್ ಥರವೇ ಇದೆಯಲ್ಲಾ, ಹಾಗಾದರೆ ಅದು ಸದಾ ಮಿದುಳನ್ನು ಚುರುಕಾಗಿಟ್ಟು ಮನುಷ್ಯನನ್ನು ಬುದ್ಧಿವಂತನನ್ನಾಗಿ ಮಾಡಿರಬಹುದು ಅನ್ನುವುದು ಅವನ ಊಹೆ. ಗೌಟ್ ಇದ್ದ ರಾಜರಿಗೂ ತತ್ವಜ್ಞಾನಿಗಳಿಗೂ ಕೇಳಲು ಹಿತವಾಗಿರುತ್ತಿತ್ತೇನೋ. ಊಹೆ ಊಹೆಯಾಗಿಯೇ ಉಳಿಯಿತು.

ಗಟ್ಟಿ ವಾದ ಬಂದಿದ್ದು 1981ರಲ್ಲಿ. ಬ್ರೂಸ್ ಏಮ್ಸ್ ಮತ್ತು ಸಂಗಡಿಗರು ಯೂರಿಕ್ ಆಸಿಡ್ ಒಂದು ಬಲವಾದ ಆ್ಯಂಟಿಆಕ್ಸಿಡೆಂಟ್ ಅಂತ ತೋರಿಸಿದರು. ಉಸಿರಾಡಿದ ಆಮ್ಲಜನಕ ಬಳಕೆಯಾಗುವಾಗ ಕೋಶಗಳಲ್ಲಿ ತುಂಟ ಅಣುಗಳು ಹುಟ್ಟುತ್ತವೆ. ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ಅವು ಕೋಶದ ಪೊರೆ, ಪ್ರೋಟೀನ್, ಡಿಎನ್‌ಎ ಎಲ್ಲವನ್ನೂ ಹಾಳು ಮಾಡುತ್ತವೆ. ಯೂರಿಕ್ ಆಸಿಡ್ ಈ ಅಣುಗಳನ್ನು ಹಿಡಿದು ಸುಮ್ಮನಾಗಿಸುತ್ತದೆ. ರಕ್ತದಲ್ಲಿ ಅದರ ಪ್ರಮಾಣ ವಿಟಮಿನ್ ಸಿಗಿಂತ ಎಷ್ಟೋ ಪಟ್ಟು ಜಾಸ್ತಿ. ನಮ್ಮ ಪೂರ್ವಜರು ವಿಟಮಿನ್ ಸಿ ತಯಾರಿಸುವ ಶಕ್ತಿಯನ್ನೂ ಕಳೆದುಕೊಂಡವರು. ಆ ಜಾಗವನ್ನು ಯೂರಿಕ್ ಆಸಿಡ್ ತುಂಬಿರಬಹುದು ಅನ್ನುವ ಮಾತು ಅಂದಿನಿಂದ ಚಾಲ್ತಿಯಲ್ಲಿದೆ.

ಇಲ್ಲಿಂದ ಮಿದುಳಿಗೆ ಒಂದೇ ಹೆಜ್ಜೆ. ಮೈತೂಕದಲ್ಲಿ ಮಿದುಳಿನ ಪಾಲು ಸುಮಾರು ಶೇ 2. ಸುಮ್ಮನೆ ಕೂತಾಗಲೂ ಅದು ಬಳಸುವ ಆಮ್ಲಜನಕ ಸುಮಾರು ಶೇ 20. ಅಷ್ಟು ಉರಿ ಇರುವ ಕಡೆ ತುಕ್ಕೂ ಜಾಸ್ತಿ. ಅದರಲ್ಲೂ ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಾಯುವ ಕೋಶಗಳು, ಕೈಕಾಲಿನ ಚಲನೆ ಸರಾಗವಾಗಿರಲು ಬೇಕಾದ ಡೋಪಮಿನ್ ಅನ್ನುವ ರಾಸಾಯನಿಕವನ್ನು ತಯಾರಿಸುವಂಥವು. ಡೋಪಮಿನ್ ಒಡೆಯುವಾಗಲೇ ತುಂಟ ಅಣುಗಳು ಹುಟ್ಟುತ್ತವೆ. ಆ ಜಾಗದಲ್ಲಿ ಕಬ್ಬಿಣದ ಅಂಶವೂ ಹೆಚ್ಚು. ಯೂರಿಕ್ ಆಸಿಡ್ ಕಬ್ಬಿಣವನ್ನೂ ಹಿಡಿದಿಡಬಲ್ಲದು. ಹೀಗೆ ಒಂದೊಂದೇ ಕೊಂಡಿ ಜೋಡಿಸುತ್ತಾ ಹೋದರೆ ಸರಪಳಿ ಬಹಳ ಚೆನ್ನಾಗಿ ಕೂರುತ್ತದೆ. ಕೂರುತ್ತದೆ ಅಂದ ಮಾತ್ರಕ್ಕೆ ನಿಜ ಅಂತಲ್ಲ.

ಪಾರ್ಕಿನ್ಸನ್: ಆಸೆ ಹುಟ್ಟಿದ್ದು ಹೇಗೆ

ಹವಾಯಿಯ ಹೊನೊಲುಲುವಿನಲ್ಲಿ 1960ರ ದಶಕದ ನಡುವೆ ಜಪಾನ್ ಮೂಲದ ಸುಮಾರು 8,000 ಗಂಡಸರನ್ನು ಹೃದ್ರೋಗದ ಅಧ್ಯಯನಕ್ಕೆ ಸೇರಿಸಿಕೊಂಡಿದ್ದರು. ಆಗ ರಕ್ತದ ಯೂರಿಕ್ ಆಸಿಡ್ಡನ್ನೂ ಅಳೆದಿದ್ದರು. ಸುಮಾರು 30 ವರ್ಷ ಕಳೆದ ಮೇಲೆ ಆ ಗಂಡಸರಲ್ಲಿ ಯಾರಿಗೆ ಪಾರ್ಕಿನ್ಸನ್ ಬಂತು ಅಂತ ನೋಡಿದರು. ಮೊದಲೇ ಯೂರಿಕ್ ಆಸಿಡ್ ಹೆಚ್ಚಿದ್ದವರಲ್ಲಿ ಕಾಯಿಲೆಯ ಅಪಾಯ ಸುಮಾರು ಶೇ 40ರಷ್ಟು ಕಡಿಮೆ ಕಂಡಿತು. ಇದು ಪ್ರಕಟವಾಗಿದ್ದು 1996ರಲ್ಲಿ. 2005ರಲ್ಲಿ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ಅಧ್ಯಯನವೂ 2007ರಲ್ಲಿ ಅಮೆರಿಕದ ಗಂಡು ಆರೋಗ್ಯ ವೃತ್ತಿಪರರ ಅಧ್ಯಯನವೂ ಅದೇ ದಿಕ್ಕಿಗೆ ಕೈ ತೋರಿಸಿದವು.

ಇದಕ್ಕಿಂತ ಕುತೂಹಲದ ಸಂಗತಿ ಫ್ರೀಜರ್‌ನಿಂದ ಬಂತು. 1980ರ ದಶಕದ ಕೊನೆಯಲ್ಲಿ ಡೇಟಾಟಾಪ್ ಅನ್ನುವ ದೊಡ್ಡ ಪ್ರಯೋಗ ನಡೆದಿತ್ತು. ಆಗಷ್ಟೇ ಪಾರ್ಕಿನ್ಸನ್ ಪತ್ತೆಯಾದ 800 ಜನರಿಗೆ ಡೆಪ್ರೆನಿಲ್ ಅನ್ನುವ ಮದ್ದು ಮತ್ತು ವಿಟಮಿನ್ ಇ ಕೊಟ್ಟು ನೋಡಿದ ಪ್ರಯೋಗ ಅದು. ವಿಟಮಿನ್ ಇ ಏನೂ ಪ್ರಯೋಜನ ಮಾಡಲಿಲ್ಲ. ಆದರೆ ಆ ರೋಗಿಗಳ ರಕ್ತವನ್ನೂ ಬೆನ್ನುಹುರಿ ದ್ರವವನ್ನೂ ತೆಗೆದು ಶೀತದಲ್ಲಿಟ್ಟಿದ್ದರು. ಎರಡು ದಶಕ ಕಳೆದ ಮೇಲೆ ಸಂಶೋಧಕರು ಅದನ್ನು ಹೊರತೆಗೆದು ಯೂರಿಕ್ ಆಸಿಡ್ ಅಳೆದರು. 2009ರಲ್ಲಿ ಫಲಿತಾಂಶ ಬಂತು. ಹೆಚ್ಚು ಇದ್ದವರಲ್ಲಿ ಕಾಯಿಲೆ ನಿಧಾನವಾಗಿ ಮುಂದುವರಿದಿತ್ತು. ಅದಕ್ಕೂ ಒಂದು ವರ್ಷ ಮೊದಲು, ಪ್ರಿಸೆಪ್ಟ್ ಅನ್ನುವ ಇನ್ನೊಂದು ಪ್ರಯೋಗದ ಸುಮಾರು 800 ರೋಗಿಗಳಲ್ಲೂ ಇದೇ ಕಂಡಿತ್ತು.

ಇಷ್ಟು ಸಾಕ್ಷಿ ಒಂದೇ ಕಡೆ ವಾಲಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಕಾಯಿಲೆ ಬರುವ ಮೊದಲೂ ಅದೇ, ಬಂದ ಮೇಲೂ ಅದೇ. ರಕ್ತದಲ್ಲೂ ಅದೇ, ಬೆನ್ನುಹುರಿ ದ್ರವದಲ್ಲೂ ಅದೇ. ಇಲಿಗಳ ಮೇಲಿನ ಪ್ರಯೋಗಗಳೂ ಹೌದು ಅಂದವು. ಪಾರ್ಕಿನ್ಸನ್‌ನಲ್ಲಿ ಕಾಯಿಲೆಯ ಓಟವನ್ನು ನಿಧಾನ ಮಾಡುವ ಮದ್ದು ಆಗಲೂ ಇರಲಿಲ್ಲ. ಇರುವ ಮಾತ್ರೆಗಳು ಲಕ್ಷಣಗಳನ್ನು ಹತೋಟಿಯಲ್ಲಿಡುತ್ತವೆ ಅಷ್ಟೇ. ಯೂರಿಕ್ ಆಸಿಡ್ ಏರಿಸುವುದೇನೂ ಕಷ್ಟದ ಕೆಲಸ ಅಲ್ಲ. ಐನೊಸಿನ್ ಅನ್ನುವ ಪ್ಯೂರಿನ್ ಮಾತ್ರೆ ನುಂಗಿದರೆ ಸಾಕು, ಮೈ ಅದನ್ನು ಯೂರಿಕ್ ಆಸಿಡ್ ಮಾಡಿಕೊಳ್ಳುತ್ತದೆ.

ಅಮೆರಿಕದ ಮಸಾಚುಸೆಟ್ಸ್ ಜನರಲ್ ಆಸ್ಪತ್ರೆಯ ಮೈಕೆಲ್ ಶ್ವಾರ್ಟ್ಸ್‌ಚೈಲ್ಡ್ ತಂಡ ಇದನ್ನು ಕೈಗೆತ್ತಿಕೊಂಡಿತು. ಮೊದಲು 75 ಜನರ ಸಣ್ಣ ಪ್ರಯೋಗ. 2014ರಲ್ಲಿ ಅದರ ವರದಿ ಬಂತು. ಐನೊಸಿನ್ ಕೊಟ್ಟರೆ ರಕ್ತದಲ್ಲೂ ಬೆನ್ನುಹುರಿ ದ್ರವದಲ್ಲೂ ಯೂರಿಕ್ ಆಸಿಡ್ ಏರುತ್ತದೆ, ದೊಡ್ಡ ತೊಂದರೆ ಆಗುವುದಿಲ್ಲ ಅನ್ನುವುದು ಖಾತ್ರಿಯಾಯಿತು. ಆಮೇಲೆ ಬಂದಿದ್ದೇ ಶ್ಯೂರ್-ಪಿಡಿ3 ಅನ್ನುವ ದೊಡ್ಡ ಪ್ರಯೋಗ.

ಪರೀಕ್ಷೆಯ ದಿನ

ಈ ಪ್ರಯೋಗ ಹೇಗೆ ನಡೆಯಿತು ಅಂತ ಸ್ವಲ್ಪ ನಿಧಾನವಾಗಿ ನೋಡಬೇಕು. 298 ಜನ. ಎಲ್ಲರಿಗೂ ಹೊಸದಾಗಿ ಕಾಣಿಸಿಕೊಂಡ ಪಾರ್ಕಿನ್ಸನ್. ಯೂರಿಕ್ ಆಸಿಡ್ ಮೊದಲೇ ಹೆಚ್ಚಿದ್ದವರನ್ನು ಸೇರಿಸಿಕೊಳ್ಳಲಿಲ್ಲ. ಕಡಿಮೆ ಇದ್ದವರನ್ನೇ ಆರಿಸಿದರು. ಮದ್ದು ಉಪಯೋಗಕ್ಕೆ ಬರುವುದಾದರೆ ಇಂಥವರಿಗೇ ಬರಬೇಕು. ಅರ್ಧ ಜನರಿಗೆ ಐನೊಸಿನ್, ಅರ್ಧ ಜನರಿಗೆ ನೋಡಲು ಅದೇ ಥರದ ಹುಸಿ ಮಾತ್ರೆ. ಯಾರಿಗೆ ಯಾವುದು ಸಿಕ್ಕಿದೆ ಅಂತ ರೋಗಿಗೂ ಗೊತ್ತಿಲ್ಲ, ನೋಡುವ ಡಾಕ್ಟರಿಗೂ ಗೊತ್ತಿಲ್ಲ. ಐನೊಸಿನ್ ಗುಂಪಿನಲ್ಲಿ ಯೂರಿಕ್ ಆಸಿಡ್ಡನ್ನು 7.1ರಿಂದ 8ರ ನಡುವೆ ನಿಲ್ಲಿಸುವುದು ಗುರಿ.

ಏರಿಸುವುದರಲ್ಲಿ ಗೆದ್ದರು. ಸರಾಸರಿ 2 ಮಿಲಿಗ್ರಾಂನಷ್ಟು ಏರಿತು, ಏರಿದ್ದು ನಿಂತಿತು. ಆದರೆ 2018ರಲ್ಲಿ ನಡುವೆ ಲೆಕ್ಕ ಹಾಕಿ ನೋಡಿದಾಗ, ಮುಂದುವರಿಸಿದರೂ ಪ್ರಯೋಜನ ಕಾಣುವ ಸಾಧ್ಯತೆ ಇಲ್ಲ ಅಂತ ಗೊತ್ತಾಗಿ ಪ್ರಯೋಗವನ್ನು ನಿಲ್ಲಿಸಿದರು. ಪೂರ್ತಿ ವರದಿ 2021ರಲ್ಲಿ ಪ್ರಕಟವಾಯಿತು. ಕಾಯಿಲೆ ಎಷ್ಟು ಮುಂದುವರಿದಿದೆ ಅಂತ ಅಳೆಯುವ ಅಂಕಪಟ್ಟಿಯಲ್ಲಿ ಐನೊಸಿನ್ ಪಡೆದವರು ವರ್ಷಕ್ಕೆ 11.1 ಅಂಕ ಹಿಂದೆ ಬಿದ್ದಿದ್ದರು. ಹುಸಿ ಮಾತ್ರೆ ಪಡೆದವರು 9.9 ಅಂಕ. ಅಂದರೆ ಮದ್ದು ತೆಗೆದುಕೊಂಡವರಿಗೆ ಚೂರೂ ಲಾಭ ಆಗಿರಲಿಲ್ಲ. ಮಿದುಳಿನ ಡೋಪಮಿನ್ ಸ್ಕ್ಯಾನ್‌ನಲ್ಲೂ ವ್ಯತ್ಯಾಸ ಇರಲಿಲ್ಲ. ಕಿಡ್ನಿ ಕಲ್ಲು ಮಾತ್ರ ಐನೊಸಿನ್ ಗುಂಪಿನಲ್ಲಿ ಎದ್ದು ಕಾಣುವಷ್ಟು ಜಾಸ್ತಿ.

ಇದಕ್ಕೆ ಒಂದು ಸಮರ್ಥನೆ ಕೇಳಿಬರುತ್ತದೆ. ಕೈ ನಡುಗುವ ಹೊತ್ತಿಗೆ ಆಗಲೇ ಬಹಳಷ್ಟು ಡೋಪಮಿನ್ ಕೋಶಗಳು ಹೋಗಿರುತ್ತವೆ, ತಡವಾಗಿ ಕೊಟ್ಟಿದ್ದರಿಂದ ಕೆಲಸ ಮಾಡಲಿಲ್ಲ ಅಂತ. ತಳ್ಳಿಹಾಕುವ ಮಾತಲ್ಲ. ಆದರೆ ಡೇಟಾಟಾಪ್, ಪ್ರಿಸೆಪ್ಟ್ ಎರಡರಲ್ಲೂ ಸಂಬಂಧ ಕಂಡಿದ್ದು ಕಾಯಿಲೆ ಬಂದ ಮೇಲಿನ ರೋಗಿಗಳಲ್ಲೇ. ಅಲ್ಲಿ ತಡವಾಗದೆ ಇದ್ದಿದ್ದು ಇಲ್ಲಿ ಹೇಗೆ ತಡವಾಯಿತು? ಈ ಪ್ರಶ್ನೆಗೆ ಸಮರ್ಥಕರಿಂದ ಸಮಾಧಾನದ ಉತ್ತರ ಸಿಗುವುದಿಲ್ಲ.

ಜೀನ್ ಹೇಳುವ ಸಾಕ್ಷಿ ಬೇರೆ ಇದೆ. ಎಸ್‌ಎಲ್‌ಸಿ2ಎ9 ಅನ್ನುವ ಜೀನ್ ಯೂರಿಕ್ ಆಸಿಡ್ಡನ್ನು ಕೋಶದೊಳಗೂ ಹೊರಗೂ ಸಾಗಿಸುವ ಬಾಗಿಲನ್ನು ಕಟ್ಟುತ್ತದೆ. ಮೈಮೇಲೆ ಕಪ್ಪು ಚುಕ್ಕೆ ಇರುವ ಡಾಲ್ಮೇಶಿಯನ್ ನಾಯಿಗಳಲ್ಲಿ ಈ ಜೀನ್ ಕೆಟ್ಟಿದೆ. ಯೂರಿಕೇಸ್ ಸರಿಯಾಗಿದ್ದರೂ ಯೂರಿಕ್ ಆಸಿಡ್ ಅದರ ಹತ್ತಿರ ಹೋಗುವುದಿಲ್ಲ. ಹಾಗಾಗಿ ನಾಯಿಗಳ ಪೈಕಿ ಅವಕ್ಕೆ ಯೂರಿಕ್ ಆಸಿಡ್ ಕಲ್ಲಿನ ಕಾಟ ಹೆಚ್ಚು. ಮನುಷ್ಯರಲ್ಲಿ ಈ ಜೀನ್‌ನ ಸಣ್ಣಪುಟ್ಟ ರೂಪಾಂತರಗಳಿವೆ. ಅವುಗಳಿಂದಾಗಿ ಕೆಲವರಿಗೆ ಹುಟ್ಟಿನಿಂದಲೇ ಯೂರಿಕ್ ಆಸಿಡ್ ಸ್ವಲ್ಪ ಹೆಚ್ಚು, ಕೆಲವರಿಗೆ ಸ್ವಲ್ಪ ಕಡಿಮೆ. ಊಟ, ತೂಕ, ಮಾತ್ರೆ, ಕಾಯಿಲೆ ಯಾವುದೂ ಈ ಚೀಟಿ ಎತ್ತುವುದನ್ನು ಬದಲಾಯಿಸುವುದಿಲ್ಲ. ಯೂರಿಕ್ ಆಸಿಡ್ ನಿಜಕ್ಕೂ ಕಾಯುವುದಾದರೆ, ಹುಟ್ಟಿನಿಂದ ಹೆಚ್ಚು ಪಡೆದವರಲ್ಲಿ ಪಾರ್ಕಿನ್ಸನ್ ಕಡಿಮೆ ಇರಬೇಕು. ಇಂಥ ಜೀನ್ ಗುರುತುಗಳನ್ನೆಲ್ಲ ಸೇರಿಸಿ 2018ರಲ್ಲಿ ಒಂದು ದೊಡ್ಡ ಲೆಕ್ಕ ಮಾಡಿದರು. ಕಾರಣದ ಸಂಬಂಧ ಕಾಣಲಿಲ್ಲ. ಜೀವಮಾನವಿಡೀ ಹೆಚ್ಚಿದ್ದವರ ಲೆಕ್ಕ ಇದು, ಇಲ್ಲಿ ತಡವಾಯಿತು ಅನ್ನುವ ವಾದವೂ ನಡೆಯುವುದಿಲ್ಲ.

ಇನ್ನೂ ಸರಳವಾದ ಒಂದು ಮಾತು ನನ್ನನ್ನು ಮೊದಲಿಂದ ಕಾಡಿದೆ. ಗಂಡಸರಲ್ಲಿ ಯೂರಿಕ್ ಆಸಿಡ್ ಹೆಂಗಸರಿಗಿಂತ ಜಾಸ್ತಿ. ಮುಟ್ಟು ನಿಲ್ಲುವವರೆಗೆ ಈಸ್ಟ್ರೊಜೆನ್ ಹಾರ್ಮೋನ್ ಹೆಂಗಸರಲ್ಲಿ ಅದನ್ನು ಕೆಳಗಿಟ್ಟಿರುತ್ತದೆ. ಪಾರ್ಕಿನ್ಸನ್ ಹೆಚ್ಚು ಬರುವುದು ಯಾರಿಗೆ? ಗಂಡಸರಿಗೆ. ಇದೊಂದರಿಂದಲೇ ವಾದ ಬಿದ್ದುಹೋಗುತ್ತದೆ ಅಂತ ನಾನು ಹೇಳುವುದಿಲ್ಲ, ಗಂಡು ಹೆಣ್ಣಿನ ನಡುವೆ ಬೇರೆ ನೂರು ವ್ಯತ್ಯಾಸಗಳಿವೆ. ಆದರೂ ಅನುಮಾನಕ್ಕೆ ಇಷ್ಟು ಸಾಕಿತ್ತು.

ಹಾಗಾದರೆ ಆ ಹಳೆಯ ಅಧ್ಯಯನಗಳು ಸುಳ್ಳಾ? ಅಲ್ಲ. ಅವು ಕಂಡಿದ್ದು ನಿಜ, ಅರ್ಥ ಬೇರೆ. ಪಾರ್ಕಿನ್ಸನ್ ನಡುಕದಿಂದ ಶುರುವಾಗುವುದಿಲ್ಲ. ವರ್ಷಗಳ ಮೊದಲೇ ವಾಸನೆ ಗೊತ್ತಾಗದೆ ಹೋಗುವುದು, ಮಲಬದ್ಧತೆ, ನಿದ್ದೆಯಲ್ಲಿ ಕೈಕಾಲು ಬಡಿಯುವುದು ಎಲ್ಲ ಇರುತ್ತವೆ. ಹಸಿವು, ತೂಕ ಬದಲಾಗುತ್ತವೆ. ತೂಕ ಕಡಿಮೆಯಾದರೆ ಯೂರಿಕ್ ಆಸಿಡ್ಡೂ ಇಳಿಯುತ್ತದೆ. ಇನ್ನೊಂದು ಕಡೆ, ತುಕ್ಕಿನ ಕೆಲಸ ಮೈಯಲ್ಲಿ ಜೋರಾಗಿದ್ದರೆ ಅದನ್ನು ತಡೆಯುವ ಭರದಲ್ಲಿ ಯೂರಿಕ್ ಆಸಿಡ್ ಖರ್ಚಾಗಿಯೂ ಕಡಿಮೆಯಾಗಬಹುದು. ಎರಡರಲ್ಲೂ ಕಾಯಿಲೆ ಮುಂದೆ, ಸಂಖ್ಯೆ ಹಿಂದೆ. ಹೊಗೆ ಕಮ್ಮಿಯಾಗಿದ್ದು ಕಂಡು ಒಲೆ ಆರುತ್ತಿದೆ ಅಂತ ತಿಳಿಯಬಹುದು, ಹೊಗೆ ಊದಿ ಒಲೆ ಹೊತ್ತಿಸಲು ಆಗುವುದಿಲ್ಲ.

ಈ ಬಗೆಯ ಮೋಸ ಪಾರ್ಕಿನ್ಸನ್ ಸಂಶೋಧನೆಗೆ ಹೊಸದೂ ಅಲ್ಲ. ಸಿಗರೇಟ್ ಸೇದುವವರಲ್ಲಿ ಈ ಕಾಯಿಲೆ ಕಡಿಮೆ ಅಂತ ಎಷ್ಟೋ ಅಧ್ಯಯನಗಳು ಹೇಳಿವೆ. ನಿಕೊಟಿನ್ ಪಟ್ಟಿ ಅಂಟಿಸಿ ನೋಡಿದರೆ ಕಾಯಿಲೆ ನಿಧಾನವಾಗಲಿಲ್ಲ.

ಮರೆವಿನ ಕಾಯಿಲೆಗೆ ಬಂದರೆ ಲೆಕ್ಕ ತಲೆಕೆಳಗು

ಪಾರ್ಕಿನ್ಸನ್‌ನಲ್ಲಿ ಕನಿಷ್ಠ ವೀಕ್ಷಣೆಗಳಾದರೂ ಒಂದೇ ದಿಕ್ಕಿನಲ್ಲಿದ್ದವು. ಮರೆವಿನ ಕಾಯಿಲೆ, ಅಂದರೆ ಡಿಮೆನ್ಶಿಯಾದಲ್ಲಿ ಆ ಒಮ್ಮತವೂ ಇಲ್ಲ.

2009ರಲ್ಲಿ ರಾಟರ್‌ಡ್ಯಾಮ್ ಅಧ್ಯಯನದ ಇನ್ನೊಂದು ವರದಿ ಬಂತು. ಯೂರಿಕ್ ಆಸಿಡ್ ಹೆಚ್ಚಿದ್ದವರಲ್ಲಿ ಡಿಮೆನ್ಶಿಯಾ ಕಡಿಮೆ ಅಂದಿತು. 2016ರಲ್ಲಿ ಬ್ರಿಟನ್ನಿನ ಡಾಕ್ಟರುಗಳ ದಾಖಲೆಗಳನ್ನು ಜಾಲಾಡಿದವರು, ಗೌಟ್ ಇದ್ದವರಲ್ಲಿ ಅಲ್ಝೈಮರ್ ಅಪಾಯ ಶೇ 24ರಷ್ಟು ಕಡಿಮೆ ಅಂದರು. 2018ರಲ್ಲಿ ಫ್ರಾನ್ಸ್‌ನ ತ್ರೀ-ಸಿಟಿ ಅಧ್ಯಯನ ತದ್ವಿರುದ್ಧ ಮಾತಾಡಿತು. ಯೂರಿಕ್ ಆಸಿಡ್ ಹೆಚ್ಚಿದ್ದ ವಯಸ್ಸಾದವರಲ್ಲಿ ಡಿಮೆನ್ಶಿಯಾ ಜಾಸ್ತಿ. 2023ರಲ್ಲಿ ಯುಕೆ ಬಯೋಬ್ಯಾಂಕ್‌ನ ಮಾಹಿತಿ ಇಟ್ಟುಕೊಂಡು ಮಾಡಿದ ಅಧ್ಯಯನ ಇನ್ನೂ ಮುಂದೆ ಹೋಯಿತು. ಗೌಟ್ ಇದ್ದವರ ಮಿದುಳಿನ ಗಾತ್ರವೇ ಸ್ವಲ್ಪ ಕಡಿಮೆ. ಕೆಲವು ಭಾಗಗಳಲ್ಲಿ ಕಬ್ಬಿಣದ ಅಂಶ ಹೆಚ್ಚಿರುವ ಗುರುತು. ಗೌಟ್ ಪತ್ತೆಯಾದ ಮೊದಲ 3 ವರ್ಷಗಳಲ್ಲಿ ಡಿಮೆನ್ಶಿಯಾ ಅಪಾಯ ಜಾಸ್ತಿ. ಕಬ್ಬಿಣವನ್ನು ಹಿಡಿದಿಟ್ಟು ಕಾಪಾಡುತ್ತದೆ ಅಂತ ಮೇಲೆ ಬರೆದೆನಲ್ಲ, ಅದರ ಪಕ್ಕದಲ್ಲಿ ಇದನ್ನಿಟ್ಟು ನೋಡಿ.

ಯಾರನ್ನು ನಂಬುವುದು? ಸ್ವಲ್ಪ ಬಿಡಿಸಿದರೆ ಗಂಟು ಅಷ್ಟೇನೂ ಬಿಗಿಯಾಗಿಲ್ಲ. ಡಿಮೆನ್ಶಿಯಾ ಅನ್ನುವುದು ಒಂದೇ ಕಾಯಿಲೆ ಅಲ್ಲ. ಅಲ್ಝೈಮರ್‌ನಲ್ಲಿ ಮಿದುಳಿನ ಕೋಶಗಳ ಸುತ್ತ, ಒಳಗೆ ಕೆಟ್ಟ ಪ್ರೋಟೀನ್ ಶೇಖರವಾಗುತ್ತದೆ. ರಕ್ತನಾಳದ ಡಿಮೆನ್ಶಿಯಾದಲ್ಲಿ ಸಣ್ಣ ಸಣ್ಣ ನಾಳಗಳು ಗಟ್ಟಿಯಾಗಿ, ಕಟ್ಟಿಕೊಂಡು, ಮಿದುಳಿಗೆ ರಕ್ತ ಸರಿಯಾಗಿ ತಲುಪುವುದಿಲ್ಲ. ಯೂರಿಕ್ ಆಸಿಡ್ ಒಂಟಿಯಾಗಿ ಏರುವುದು ಕಮ್ಮಿ. ಬಿಪಿ, ಸಕ್ಕರೆ ಕಾಯಿಲೆ, ಬೊಜ್ಜು, ಕಿಡ್ನಿ ತೊಂದರೆ ಇವುಗಳ ಜೊತೆಗೇ ಏರುತ್ತದೆ. ಈ ಬಳಗವೆಲ್ಲ ರಕ್ತನಾಳದ ಶತ್ರುಗಳು. ಫ್ರಾನ್ಸ್‌ನ ಅಧ್ಯಯನದಲ್ಲಿ ಸಂಬಂಧ ಬಲವಾಗಿ ಕಂಡಿದ್ದು ರಕ್ತನಾಳದ ಮತ್ತು ಮಿಶ್ರ ಬಗೆಯ ಡಿಮೆನ್ಶಿಯಾದಲ್ಲೇ. ರಾಟರ್‌ಡ್ಯಾಮ್‌ನಲ್ಲಿ ಲಾಭ ಕಂಡಿದ್ದು ಹೃದಯ, ರಕ್ತನಾಳದ ಅಪಾಯಗಳನ್ನೆಲ್ಲ ಲೆಕ್ಕದಿಂದ ಕಳೆದ ಮೇಲೆ.

ಇಲ್ಲೇ ಸೂಕ್ಷ್ಮ ಇದೆ. ಕಾಗದದ ಮೇಲೆ ಬಿಪಿಯನ್ನೂ ಬೊಜ್ಜನ್ನೂ ಕಳೆಯಬಹುದು. ಮನುಷ್ಯನ ಮೈಯಿಂದ ಹಾಗೆ ಕಳೆಯಲು ಆಗುವುದಿಲ್ಲ. ಯೂರಿಕ್ ಆಸಿಡ್ ಏರಿಸಲು ಹೊರಟವರ ಜೊತೆ ಆ ಬಳಗದವರೂ ಮನೆಗೆ ಬರುತ್ತಾರೆ. ಹಾಗಾಗಿ ಮಿದುಳಿಗೆ ಒಳ್ಳೆಯದು ಅಂತ ಯೂರಿಕ್ ಆಸಿಡ್ ಹೆಚ್ಚಿರಲಿ ಅನ್ನುವ ಸಲಹೆ ನನಗೆ ಅಪಾಯದ ಸಲಹೆ ಅನ್ನಿಸುತ್ತದೆ. ಗೌಟ್ ಮತ್ತು ಅಲ್ಝೈಮರ್ ನಂಟಿನಲ್ಲಿ ಇನ್ನೊಂದು ಅನುಮಾನವೂ ಇದೆ. ಅಲ್ಝೈಮರ್ ಶುರುವಾಗುವ ಮುಂಚಿನ ವರ್ಷಗಳಲ್ಲಿ ಜನ ತೂಕ ಕಳೆದುಕೊಳ್ಳುತ್ತಾರೆ. ತೂಕ ಇಳಿದವರಿಗೆ ಗೌಟ್ ಬರುವುದು ಕಮ್ಮಿ. ಮತ್ತೆ ಅದೇ ಹಿಂದುಮುಂದಿನ ಆಟ.

ಬೇರೆ ಮಿದುಳು ಕಾಯಿಲೆಗಳ ಮಾತು ಬೇಗ ಮುಗಿಸುತ್ತೇನೆ. ವಂಶದಲ್ಲಿ ಹರಿದು ಬರುವ ಹಂಟಿಂಗ್ಟನ್ ಕಾಯಿಲೆ, ಎಎಲ್‌ಎಸ್ ಎರಡರಲ್ಲೂ ಯೂರಿಕ್ ಆಸಿಡ್ ಹೆಚ್ಚಿದ್ದವರ ಸ್ಥಿತಿ ನಿಧಾನವಾಗಿ ಹದಗೆಟ್ಟಿದ್ದು ಕಂಡಿದೆ. ಎಎಲ್‌ಎಸ್‌ನಲ್ಲಂತೂ ರೋಗಿ ಎಷ್ಟು ತೂಕ ಉಳಿಸಿಕೊಂಡಿದ್ದಾನೆ ಅನ್ನುವುದೇ ಆಯಸ್ಸಿನ ದೊಡ್ಡ ಸೂಚನೆ. ಹಾಗಾಗಿ ಯೂರಿಕ್ ಆಸಿಡ್‌ನದ್ದೇ ಪಾತ್ರ ಎಷ್ಟು ಅಂತ ಬೇರ್ಪಡಿಸುವುದು ಕಷ್ಟ. ಮೈಯ ರಕ್ಷಣಾ ವ್ಯವಸ್ಥೆಯೇ ನರಗಳ ಹೊದಿಕೆಯನ್ನು ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಕಥೆ 1998ರದ್ದು. 2 ಕೋಟಿಗೂ ಹೆಚ್ಚು ರೋಗಿಗಳ ದಾಖಲೆ ನೋಡಿ, ಗೌಟ್ ಮತ್ತು ಎಂಎಸ್ ಒಬ್ಬರಲ್ಲೇ ಇರುವುದು ಬಹಳ ಅಪರೂಪ ಅಂದರು. ಗೌಟ್ ಹೆಚ್ಚಾಗಿ ನಡುವಯಸ್ಸು ದಾಟಿದ ಗಂಡಸರ ಕಾಯಿಲೆ, ಎಂಎಸ್ ಹೆಚ್ಚಾಗಿ ಎಳೆ ವಯಸ್ಸಿನ ಹೆಂಗಸರಿಗೆ ಬರುವಂಥದ್ದು. ಅವೆರಡು ಭೇಟಿಯಾಗದೆ ಇದ್ದರೆ ಅಷ್ಟೊಂದು ಆಶ್ಚರ್ಯ ಯಾಕೆ? ಎಂಎಸ್ ಚಿಕಿತ್ಸೆಯ ಇಂಟರ್‌ಫೆರಾನ್ ಜೊತೆ ಐನೊಸಿನ್ ಸೇರಿಸಿ ಕೊಟ್ಟು ನೋಡಿದ ಪ್ರಯೋಗದಲ್ಲೂ ಹೆಚ್ಚಿನ ಲಾಭ ಸಿಗಲಿಲ್ಲ.

ಹುಟ್ಟಿನಿಂದಲೇ ಹೆಚ್ಚು, ಹುಟ್ಟಿನಿಂದಲೇ ಕಡಿಮೆ

ಪ್ರಯೋಗಾಲಯ ಮಾಡಲಾಗದ ಪ್ರಯೋಗಗಳನ್ನು ಕೆಲವೊಮ್ಮೆ ಪ್ರಕೃತಿಯೇ ಮಾಡಿರುತ್ತದೆ. 1964ರಲ್ಲಿ ಮೈಕೆಲ್ ಲೆಶ್ ಮತ್ತು ವಿಲಿಯಂ ನೈಹನ್ ಒಂದು ಅಪರೂಪದ ಕಾಯಿಲೆಯನ್ನು ವಿವರಿಸಿದರು. ಪ್ಯೂರಿನ್ ಮರುಬಳಕೆ ಮಾಡುವ ಕಿಣ್ವವೇ ಇಲ್ಲದ ಗಂಡುಮಕ್ಕಳು. ರಕ್ತದಲ್ಲಿ ಯೂರಿಕ್ ಆಸಿಡ್ ತುಂಬಿ ತುಳುಕುತ್ತಿರುತ್ತದೆ. ಈ ಮಕ್ಕಳಿಗೆ ಕೈಕಾಲಿನ ಮೇಲೆ ಹತೋಟಿ ಇರುವುದಿಲ್ಲ, ತಮ್ಮ ತುಟಿ, ಬೆರಳುಗಳನ್ನು ತಾವೇ ಕಚ್ಚಿ ಗಾಯ ಮಾಡಿಕೊಳ್ಳುತ್ತಾರೆ. ಅಲೋಪ್ಯೂರಿನಾಲ್ ಕೊಟ್ಟರೆ ಯೂರಿಕ್ ಆಸಿಡ್ ಇಳಿಯುತ್ತದೆ, ಕಿಡ್ನಿ ಉಳಿಯುತ್ತದೆ. ಮಿದುಳಿನ ತೊಂದರೆ ಒಂದಿಷ್ಟೂ ಬದಲಾಗುವುದಿಲ್ಲ. ಅಂದರೆ ಅಲ್ಲಿ ಮಿದುಳನ್ನು ಕೆಡಿಸಿದ್ದು ಯೂರಿಕ್ ಆಸಿಡ್ ಅಲ್ಲ. ಅಷ್ಟೊಂದು ಇದ್ದರೂ ಅದು ಮಿದುಳನ್ನು ಕಾಪಾಡಲೂ ಇಲ್ಲ.

ಇದರ ವಿರುದ್ಧ ತುದಿಯೂ ಇದೆ. ಕಿಡ್ನಿ ಯೂರಿಕ್ ಆಸಿಡ್ಡನ್ನು ವಾಪಸ್ ಎಳೆದುಕೊಳ್ಳುವ ಬಾಗಿಲೇ ಕೆಟ್ಟಿರುವ ಜನ. ಅವರ ರಕ್ತದಲ್ಲಿ ಜೀವಮಾನವಿಡೀ ಅದು 1ರ ಆಸುಪಾಸು, ಕೆಲವರಲ್ಲಿ ಇನ್ನೂ ಕಡಿಮೆ. ಇವರಿಗೆ ಬರುವ ಮುಖ್ಯ ತೊಂದರೆಗಳು ಎರಡು. ಒಂದು ಕಿಡ್ನಿ ಕಲ್ಲು. ಇನ್ನೊಂದು, ಜೋರಾಗಿ ಓಡಿದ ಮೇಲೆ ಕಿಡ್ನಿಗೆ ದಿಢೀರನೆ ಪೆಟ್ಟು ಬೀಳುವುದು. ಬಹಳಷ್ಟು ಜನರಿಗೆ ಏನೂ ತೊಂದರೆ ಇರುವುದಿಲ್ಲ, ಬೇರೆ ಯಾವುದಕ್ಕೋ ರಕ್ತ ಕೊಟ್ಟಾಗ ಗೊತ್ತಾಗುತ್ತದೆ. ಯೂರಿಕ್ ಆಸಿಡ್ ಮಿದುಳಿಗೆ ಅಷ್ಟು ಅನಿವಾರ್ಯವಾಗಿದ್ದರೆ ಇವರ ಪಾಡು ಬೇರೆಯೇ ಆಗಿರಬೇಕಿತ್ತು.

ಒಂದು ಬಾಗಿಲು ಇನ್ನೂ ತೆರೆದಿದೆ

ಪೂರ್ತಿ ಇಲ್ಲ ಅಂದುಬಿಟ್ಟರೆ ಅನ್ಯಾಯವಾಗುತ್ತದೆ. ನಿಧಾನವಾಗಿ ಸವೆಯುವ ಕಾಯಿಲೆಗಳನ್ನು ಬಿಟ್ಟು, ಒಂದೇ ಗಳಿಗೆಯಲ್ಲಿ ಬಂದೆರಗುವ ಸ್ಟ್ರೋಕ್ ಕಡೆ ನೋಡಿದರೆ ಯೂರಿಕ್ ಆಸಿಡ್ ಕಥೆ ಇನ್ನೂ ಜೀವಂತ. ಮಿದುಳಿನ ನಾಳ ಕಟ್ಟಿಕೊಂಡು, ಮತ್ತೆ ತೆರೆದು, ರಕ್ತ ನುಗ್ಗಿದಾಗ ತುಂಟ ಅಣುಗಳ ಸ್ಫೋಟವೇ ಆಗುತ್ತದೆ. ಆ ಕೆಲವು ಗಂಟೆಗಳಲ್ಲಿ ಯೂರಿಕ್ ಆಸಿಡ್ಡನ್ನು ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ? ಸ್ಪೇನ್‌ನಲ್ಲಿ ಆಂಖೆಲ್ ಚಮೊರೊ ತಂಡ ಇದನ್ನು ಮಾಡಿತು. ಹೆಪ್ಪು ಕರಗಿಸುವ ಮದ್ದಿನ ಜೊತೆ 1,000 ಮಿಲಿಗ್ರಾಂ ಯೂರಿಕ್ ಆಸಿಡ್. ಫಲಿತಾಂಶ ಬಂದಿದ್ದು 2014ರಲ್ಲಿ. ತುಂಬಾ ಚೆನ್ನಾಗಿ ಚೇತರಿಸಿಕೊಂಡವರು ಯೂರಿಕ್ ಆಸಿಡ್ ಗುಂಪಿನಲ್ಲಿ ಶೇ 39, ಇನ್ನೊಂದರಲ್ಲಿ ಶೇ 33. ವ್ಯತ್ಯಾಸ ಇದೆ, ಆದರೆ ಆಕಸ್ಮಿಕ ಅಲ್ಲ ಅಂತ ಹೇಳುವಷ್ಟು ದೊಡ್ಡದಲ್ಲ.

ಆಮೇಲೆ ಅಮೆರಿಕದ ಹಲವು ಪ್ರಯೋಗಾಲಯಗಳು ಒಟ್ಟಾಗಿ 6 ಚಿಕಿತ್ಸೆಗಳನ್ನು ಪ್ರಾಣಿಗಳ ಮೇಲೆ ಬಹಳ ಕಟ್ಟುನಿಟ್ಟಾಗಿ ಪರೀಕ್ಷೆ ಮಾಡಿದವು. ಬರೀ ಎಳೆಯ, ಆರೋಗ್ಯದ ಇಲಿಗಳಲ್ಲ. ಮುದಿ ಇಲಿ, ಬೊಜ್ಜಿನ ಇಲಿ, ಬಿಪಿ ಇರುವ ಇಲಿ ಎಲ್ಲವೂ ಇದ್ದವು. 2023ರ ವರದಿಯಲ್ಲಿ ಉಳಿದವನ್ನೆಲ್ಲ ಹಿಂದೆ ಹಾಕಿ ನಿಂತಿದ್ದು ಯೂರಿಕ್ ಆಸಿಡ್. ಇದರಲ್ಲಿ ಅರ್ಥ ಇದೆ. ಮನೆಗೆ ಬೆಂಕಿ ಬಿದ್ದ ಹೊತ್ತಿನಲ್ಲಿ ಒಂದು ಕೊಡ ನೀರು ಉಪಯೋಗಕ್ಕೆ ಬರಬಹುದು. ಬೆಂಕಿ ಬೀಳಬಹುದು ಅಂತ 30 ವರ್ಷ ಗೋಡೆಗೆ ನೀರು ಸುರಿಯುತ್ತಿದ್ದರೆ ಗೋಡೆಯೇ ಕುಸಿಯುತ್ತದೆ. ಮನುಷ್ಯರಲ್ಲಿ ಗೆಲ್ಲುತ್ತದೆಯಾ ಅನ್ನುವುದು ಬೇರೆ ಪ್ರಶ್ನೆ. ಸ್ಟ್ರೋಕ್‌ನಲ್ಲಿ ಇಲಿಯನ್ನು ಉಳಿಸಿ ಮನುಷ್ಯನಲ್ಲಿ ಸೋತ ಮದ್ದುಗಳಿಗೆ ಲೆಕ್ಕವಿಲ್ಲ.

ಮತ್ತೆ ಆ ರಿಪೋರ್ಟ್‌ಗೆ ಬರೋಣ

ಗೌಟ್ ಇದ್ದು ಅಲೋಪ್ಯೂರಿನಾಲ್ ತೆಗೆದುಕೊಳ್ಳುವವರು ಇಂಥ ಸುದ್ದಿ ಓದಿ ಮಾತ್ರೆ ಬಿಟ್ಟುಬಿಡುತ್ತಾರೆ ಅನ್ನುವುದೇ ನನ್ನ ದೊಡ್ಡ ಚಿಂತೆ. ಬಿಡುವುದಕ್ಕೆ ಯಾವ ಆಧಾರವೂ ಇಲ್ಲ. ಗುರಿ 6ಕ್ಕಿಂತ ಕೆಳಗೆ. ಯಾಕೆಂದರೆ 6.8 ದಾಟಿದರೆ ಯೂರಿಕ್ ಆಸಿಡ್ ರಕ್ತದಲ್ಲಿ ಪೂರ್ತಿ ಕರಗಿ ನಿಲ್ಲುವುದಿಲ್ಲ, ಹರಳುಗಟ್ಟಲು ಶುರುಮಾಡುತ್ತದೆ. 3ರ ಆ ಗೆರೆ ಬಗ್ಗೆ ಹೇಳುವುದಾದರೆ, ಅದು ಎಚ್ಚರಿಕೆಗೆ ಎಳೆದ ಗೆರೆ. ಎಳೆದಾಗ ಶ್ಯೂರ್-ಪಿಡಿ3 ಫಲಿತಾಂಶ ಬಂದಿರಲಿಲ್ಲ. ಸಾಮಾನ್ಯ ಡೋಸಿನಲ್ಲಿ ಹೆಚ್ಚಿನವರು ಅಷ್ಟು ಕೆಳಗೆ ಇಳಿಯುವುದೂ ಇಲ್ಲ.

ಗೌಟೂ ಇಲ್ಲ, ಕಲ್ಲೂ ಇಲ್ಲ, ರಿಪೋರ್ಟ್‌ನಲ್ಲಿ ಮಾತ್ರ 7.5 ಇದೆ ಅನ್ನುವವರಿಗೆ ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ 2020ರಲ್ಲಿ ಹೇಳಿದ್ದು, ಸುಮ್ಮನೆ ಸಂಖ್ಯೆ ನೋಡಿ ಮಾತ್ರೆ ಶುರುಮಾಡುವುದು ಬೇಡ ಅಂತ. ಆ ಸಂಖ್ಯೆ ಯಾಕೆ ಏರಿದೆ ಅಂತ ನೋಡುವುದು ಹೆಚ್ಚು ಉಪಯೋಗಿ. ಬಿಪಿಗೆ ಕೊಡುವ ಕೆಲವು ಮೂತ್ರದ ಮಾತ್ರೆಗಳು ಏರಿಸುತ್ತವೆ. ಸಣ್ಣ ಡೋಸಿನ ಆಸ್ಪಿರಿನ್ ಏರಿಸುತ್ತದೆ. ಬಿಯರ್, ಫ್ರಕ್ಟೋಸ್ ಹಾಕಿದ ಸಿಹಿ ಪಾನೀಯ ಏರಿಸುತ್ತವೆ. ಬಿಪಿಯ ಮಾತ್ರೆಯೇ ಆದ ಲೊಸಾರ್ಟಾನ್ ಇಳಿಸುತ್ತದೆ. ಕಡಿಮೆ ಇದೆ ಅಂತ ಹೆದರಿ ಐನೊಸಿನ್ ಡಬ್ಬಿ ತರಿಸಿಕೊಳ್ಳುವವರಿಗೆ ಸಿಗುವುದು ಏನು ಅಂತ 298 ಜನ ತಮ್ಮ ಮೈಮೇಲೆ ಪ್ರಯೋಗ ಮಾಡಿಸಿಕೊಂಡು ತೋರಿಸಿದ್ದಾರೆ. ವಯಸ್ಸಾದವರಲ್ಲಿ ಮೊದಲು ಸರಿಯಾಗಿದ್ದ ಸಂಖ್ಯೆ ಕಾರಣವಿಲ್ಲದೆ ಇಳಿಯುತ್ತಾ ಬಂದು, ತೂಕವೂ ಇಳಿಯುತ್ತಿದ್ದರೆ, ಡಾಕ್ಟರಿಗೆ ಹೇಳಬೇಕಾದ್ದು ಆ ತೂಕದ ಮಾತು.

ಕೊನೆಗೊಂದು ಸಣ್ಣ ವಿಷಯ, ಇದರಿಂದ ಗಾಬರಿಯಾದವರು ಬಹಳ ಜನ. ಕೆಲವು ಲ್ಯಾಬ್‌ಗಳು ಯೂರಿಕ್ ಆಸಿಡ್ಡನ್ನು ಮಿಲಿಗ್ರಾಂನಲ್ಲಿ ಬರೆಯುವುದಿಲ್ಲ, ಲೀಟರ್‌ಗೆ ಮೈಕ್ರೊಮೋಲ್ ಅಂತ ಬರೆಯುತ್ತವೆ. ಅಲ್ಲಿ 340 ಅಂತ ಕಂಡರೆ ಎದೆ ಹಿಡಿದುಕೊಳ್ಳಬೇಡಿ. ಸುಮಾರು 60ರಿಂದ ಭಾಗಿಸಿ. 6ಕ್ಕಿಂತ ಕೆಳಗೇ ಇದೆ.